ಟೊಂಕದ ಶಸ್ತ್ರಚಿಕಿತ್ಸೆ: ಯಾವ ನರಕ್ಕೆ, ಯಾವಾಗ, ಎಷ್ಟು



ಟೊಂಕದ ಆಪರೇಷನ್ ಮಾತು ಬಂದಾಗ ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲೂಕುಗಳ ಈ ಭಾಗದಲ್ಲಿ ಎರಡು ಪ್ರಶ್ನೆಗಳು ಮೊದಲು ಏಳುತ್ತವೆ. ದುರ್ಬೀನಿನ ಆಪರೇಷನ್ನೋ, ಬಿಚ್ಚಿ ಮಾಡುವುದೋ? ಮಿರಜಕ್ಕೆ ಹೋಗಬೇಕೋ, ಬೆಳಗಾವಿ-ಹುಬ್ಬಳ್ಳಿಗೋ, ಇಲ್ಲಾ ಬಾಗಲಕೋಟೆಯಲ್ಲೇ ಆದೀತೋ? ಎರಡನೆಯ ಪ್ರಶ್ನೆಗೆ ನೂರು ವರ್ಷ ಮೀರಿದ ಇತಿಹಾಸವಿದೆ. ವಿಲಿಯಂ ವಾನ್‌ಲೆಸ್ 1894ರಲ್ಲಿ ಮಿರಜದಲ್ಲಿ ಮಿಷನ್ ಆಸ್ಪತ್ರೆ ತೆರೆದ ಮೇಲೆ ಕೃಷ್ಣಾ ತೀರದ ಕನ್ನಡಿಗರಿಗೆ ದೊಡ್ಡ ಕಾಯಿಲೆ ಎಂದರೆ ಮಿರಜ ಎಂಬಂತಾಯಿತು. ಜಮಖಂಡಿಯಂತೆ ಮಿರಜವೂ ಪಟವರ್ಧನರ ಸಂಸ್ಥಾನವಾಗಿದ್ದರಿಂದ ಹೋಗಿಬರುವ ರೂಢಿ ಮೊದಲೇ ಇತ್ತು. ಈ ಎರಡು ಪ್ರಶ್ನೆಗಳು ತಪ್ಪೆಂದು ನಾನು ಹೇಳುವುದಿಲ್ಲ. ಅವು ಬರಬೇಕಾದ ಸರದಿಗಿಂತ ಮೊದಲೇ ಬರುತ್ತಿವೆ ಎಂಬುದು ನನ್ನ ವಾದ. ಬೆನ್ನಿನಲ್ಲಿ ನಿಜವಾಗಿ ನರವೊಂದು ಒತ್ತಿಗೆ ಸಿಕ್ಕಿದೆಯೇ, ಸಿಕ್ಕಿದ್ದರೆ ರೋಗಿಯ ನೋವು ಆ ನರದ್ದೇ ಹೌದೇ ಎಂಬುದು ಮೊದಲು ಗೊತ್ತಾಗಬೇಕು. ಎಷ್ಟು ದಿನ ಕಾಯಬಹುದು ಎಂಬುದು ಆಮೇಲಿನ ಮಾತು. ನರವನ್ನು ಬಿಡಿಸಲು ಎಷ್ಟು ಸಣ್ಣ ಕೆಲಸ ಸಾಕು ಎಂಬುದು ಅದರ ನಂತರದ್ದು. ಯಾವ ಉಪಕರಣ, ಯಾವ ಊರು ಎಂಬ ಚರ್ಚೆ ಕೊನೆಗೆ ಬರಬೇಕು. ಕಳೆದ ಹಲವು ದಶಕಗಳಲ್ಲಿ ಲೋಕದ ಬೇರೆ ಬೇರೆ ಕಡೆ ನಡೆದ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಈ ಸರದಿಯೇ ಸರಿ ಎಂದು ತೋರುತ್ತದೆ.

ಈ ಸೀಮೆಯ ದುಡಿಮೆಯೆಲ್ಲ ಟೊಂಕದ ಮೇಲೆ ನಿಂತಿದೆ. ಬನಹಟ್ಟಿ, ರಬಕವಿ, ರಾಂಪುರದ ಕುಣಿಮಗ್ಗದಲ್ಲಿ ನೇಕಾರ ಕುಣಿಯೊಳಗೆ ಕಾಲಿಳಿಬಿಟ್ಟು ಮುಂದಕ್ಕೆ ಬಾಗಿ ಕೂರುತ್ತಾನೆ. ವಿದ್ಯುತ್ ಮಗ್ಗದವನು ದಿನವಿಡೀ ನಿಂತು, ಹರಿದ ಎಳೆ ಕಟ್ಟಲು ಬಗ್ಗುತ್ತಾನೆ, ನೂಲು ತುಂಬಿದ ಬೀಮು ಎತ್ತುತ್ತಾನೆ. ಕಬ್ಬು ಕಡಿಯುವ ಗ್ಯಾಂಗಿನವರು ಬುಡದ ತನಕ ಬಗ್ಗಿ ಕೊಯ್ತಾ ಬೀಸಿ, ಹೊರೆಯನ್ನು ತಲೆಮೇಲೆ ಹೊತ್ತು, ಇಳಿಜಾರಾಗಿ ಇಟ್ಟ ಹಲಗೆಯ ಮೇಲೆ ನಡೆದು ಟ್ರ್ಯಾಲಿ ತುಂಬುತ್ತಾರೆ. ಕೂಲಿ ಟನ್ನಿನ ಲೆಕ್ಕದ್ದು, ಆದ್ದರಿಂದ ನಡು ನೊಂದರೂ ಹೊರೆ ಸಣ್ಣದಾಗುವುದಿಲ್ಲ. ಮಹಾಲಿಂಗಪುರದ ಬೆಲ್ಲದ ಪೇಟೆಯ ಹಮಾಲರ ಬೆನ್ನು ಇನ್ನೊಂದು ಕಥೆ. ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತಿ ಸೈ ಎನಿಸಿಕೊಳ್ಳುವ ಹುಮ್ಮಸ್ಸು ಇದಕ್ಕೆಲ್ಲ ಮೇಲೋಗರ. ಹಾಗಿದ್ದರೂ 'ದುಡಿದು ದುಡಿದು ಡಿಸ್ಕ್ (ಬೆನ್ನಿನ ಮಣಿಗಳ ನಡುವಿನ ಮೆತ್ತೆ) ಸವೆದಿದೆ' ಎಂಬ ಮಾತನ್ನು ಅರ್ಧ ಮಾತ್ರ ಒಪ್ಪಬೇಕು. ಫಿನ್ಲೆಂಡಿನ ಅವಳಿ ಸೋದರರ ಬೆನ್ನನ್ನು ಹೋಲಿಸಿ ಮಿಶೆಲ್ ಬಟಿಯೆ ಮತ್ತು ತಾಪಿಯೊ ವಿದೆಮನ್ ತಂಡ 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಬ್ಬ ಭಾರ ಹೊತ್ತವನು, ಇನ್ನೊಬ್ಬ ಕೂತು ದುಡಿದವನು ಇದ್ದಾಗಲೂ ಇಬ್ಬರ ಡಿಸ್ಕುಗಳು ಹೆಚ್ಚುಕಡಿಮೆ ಒಂದೇ ರೀತಿ ಸವೆದಿದ್ದವು. ಸವೆತದಲ್ಲಿ ಹುಟ್ಟಿನಿಂದ ಬಂದ ಪಾಲು ದೊಡ್ಡದು, ಕೆಲಸದ ಪಾಲು ನಾವು ಎಣಿಸಿದ್ದಕ್ಕಿಂತ ಸಣ್ಣದು. ಡಿಸ್ಕ್ ಸವೆಯುವುದರಲ್ಲಿ ಕೆಲಸದ ಪಾತ್ರ ಸಣ್ಣದಿರಬಹುದು, ಆದರೆ ನೋವು ಬಂದ ಮೇಲೆ ಅದರ ಬೆಲೆ ಎಷ್ಟು ಎಂಬುದನ್ನು ತೀರ್ಮಾನಿಸುವುದು ಕೆಲಸವೇ. ಕಚೇರಿಯವನು ರಜೆ ಹಾಕುತ್ತಾನೆ, ನೇಕಾರನ ಮಗ್ಗ ನಿಲ್ಲುತ್ತದೆ.

ಸೊಂಟದ ಭಾಗದಲ್ಲಿ ಐದು ಮಣಿಗಳಿವೆ. ಮಿದುಳಿನಿಂದ ಇಳಿದುಬಂದ ಬೆನ್ನುಹುರಿ ಇವುಗಳಲ್ಲಿ ಒಂದನೆಯ-ಎರಡನೆಯ ಮಣಿಯ ಮಟ್ಟದಲ್ಲೇ ಮುಗಿಯುತ್ತದೆ. ಅಲ್ಲಿಂದ ಕೆಳಗೆ ಇರುವುದು ಕಾಲಿಗೂ ಮೂತ್ರಕೋಶಕ್ಕೂ ಹೋಗುವ ಬಿಡಿ ಬಿಡಿ ನರಗಳ ಕಟ್ಟು. ಸೊಂಟದ ಡಿಸ್ಕ್ ಸರಿಯುವುದು ಬಹುಪಾಲು ಕೊನೆಯ ಎರಡು ಸಂದುಗಳಲ್ಲಿ, ಅಂದರೆ ನಾಲ್ಕು-ಐದನೆಯ ಮಣಿಯ ನಡುವೆ ಮತ್ತು ಐದನೆಯ ಮಣಿ ಹಾಗೂ ತ್ರಿಕಾಸ್ಥಿಯ ನಡುವೆ. 'ಬೆನ್ನಿನ ಆಪರೇಷನ್ ಮಾಡಿಸಿದರ ಕಾಲ ಹೋಗ್ತಾವು' ಎಂಬ ಹೆದರಿಕೆ ನಮ್ಮ ಹಳ್ಳಿಗಳಲ್ಲಿ ಬಲವಾಗಿದೆ. ಚಾಕು ಹೋಗುವ ಈ ಜಾಗದಲ್ಲಿ ಬೆನ್ನುಹುರಿಯೇ ಇಲ್ಲ ಎಂಬ ಸಾದಾ ಸಂಗತಿಯನ್ನು ಬಿಡಿಸಿ ಹೇಳಿದ್ದರೆ ಆ ಹೆದರಿಕೆ ಎಷ್ಟೋ ಇಳಿಯುತ್ತಿತ್ತು. ನರದ ಪೊರೆ ಹರಿಯುವುದು, ಸೋಂಕು ತಗಲುವುದು, ಅಪರೂಪಕ್ಕೆ ಒಂದು ನರಕ್ಕೆ ಪೆಟ್ಟಾಗುವುದು, ಇವು ಇದ್ದೇ ಇವೆ. ಎರಡೂ ಕಾಲು ಕಳೆದುಕೊಳ್ಳುವ ಭಯಕ್ಕೆ ಮಾತ್ರ ಅಷ್ಟು ಆಧಾರವಿಲ್ಲ.

ಯಾವ ನರ ಸಿಕ್ಕಿದೆ ಎಂಬುದನ್ನು ತಿಳಿಯಲು ಹತ್ತು ನಿಮಿಷ ಮತ್ತು ಒಂದು ಮಂಚ ಸಾಕು. ರೋಗಿಯನ್ನು ಅಂಗಾತ ಮಲಗಿಸಿ, ಮಂಡಿ ಮಡಿಸದಂತೆ ಹಿಡಿದು, ಕಾಲನ್ನು ಹಿಮ್ಮಡಿಯಿಂದ ನಿಧಾನ ಎತ್ತಬೇಕು. ಒಂದು ಮಟ್ಟ ದಾಟುತ್ತಲೇ ತಿಗದಿಂದ ಮೀನಖಂಡದ ಕೆಳಗಿನವರೆಗೆ ಮಿಂಚು ಹರಿದಂತಾದರೆ ನರದ ಮೇಲೆ ಒತ್ತಡವಿದೆ ಎಂದು ಸಂಶಯಿಸಬಹುದು. ಆಮೇಲೆ ನಿಲ್ಲಿಸಿ, ಹಿಮ್ಮಡಿಯ ಮೇಲೆ ನಾಲ್ಕು ಹೆಜ್ಜೆ, ತುದಿಗಾಲಲ್ಲಿ ನಾಲ್ಕು ಹೆಜ್ಜೆ ನಡೆಸಬೇಕು. ಹೆಬ್ಬೆರಳು ಮೇಲೇಳದಿದ್ದರೆ, ಪಾದದ ಮೇಲ್ಭಾಗ ಜೋಮು ಹಿಡಿದಿದ್ದರೆ ಐದನೆಯ ಸೊಂಟದ ನರ. ತುದಿಗಾಲಲ್ಲಿ ನಿಲ್ಲಲಾಗದಿದ್ದರೆ, ಕಿರುಬೆರಳಿನ ಕಡೆ ಮರಗಟ್ಟಿದ್ದರೆ, ಹಿಮ್ಮಡಿಯ ಹಿಂದಿನ ಸ್ನಾಯುವಿಗೆ ತಟ್ಟಿದಾಗ ಪಾದ ಕುಪ್ಪಳಿಸದಿದ್ದರೆ ತ್ರಿಕಾಸ್ಥಿಯ ಮೊದಲ ನರ. ಈ ಪರೀಕ್ಷೆಗೆ ಯಂತ್ರ ಬೇಕಿಲ್ಲ, ಬಿಲ್ಲೂ ಇಲ್ಲ. ಬಹುಶಃ ಅದಕ್ಕೇ ಇದಕ್ಕೆ ಮರ್ಯಾದೆ ಕಡಿಮೆಯಾಗಿದೆ. ರೋಗಿಯೂ ಮಂಚದ ಮೇಲೆ ಮಲಗುವ ಮೊದಲೇ ಫಿಲ್ಮಿನ ಲಕೋಟೆಯನ್ನು ಮೇಜಿನ ಮೇಲೆ ಇಟ್ಟುಬಿಡುತ್ತಾನೆ.

ಆ ಲಕೋಟೆಯೊಳಗೇ ದೊಡ್ಡ ಗೊಂದಲವಿದೆ. 'ಮಣಕಿನ್ಯಾಗ ಗ್ಯಾಪ್ ಬಿದ್ದೈತಿ', 'ಡಿಸ್ಕ್ ಉಬ್ಬೇತಿ' ಎಂದು ವರದಿ ಓದಿಸಿಕೊಂಡು ಬಂದವರು ಅಂದಿನಿಂದಲೇ ತಾವು ಅಂಗವಿಕಲರಾದೆವು ಎಂದುಕೊಳ್ಳುತ್ತಾರೆ. ಬೆನ್ನುನೋವೇ ಇಲ್ಲದ 98 ಜನರ ಎಂಆರ್‌ಐ ತೆಗೆಸಿ ಮೌರೀನ್ ಜೆನ್ಸನ್ ತಂಡ 1994ರಲ್ಲಿ ಪ್ರಕಟಿಸಿದ ಲೇಖನವನ್ನು ಈ ಲಕೋಟೆಗಳ ಮೇಲೆ ಅಚ್ಚು ಹಾಕಿಸಬೇಕು ಎನಿಸುತ್ತದೆ: ಅವರಲ್ಲಿ ನೂರಕ್ಕೆ 52 ಜನರ ಡಿಸ್ಕ್ ಉಬ್ಬಿತ್ತು, 27 ಜನರ ಡಿಸ್ಕ್ ಇನ್ನೂ ಸ್ವಲ್ಪ ಮುಂದೆ ಚಾಚಿತ್ತು, ಎಲ್ಲ ಸಂದುಗಳೂ ನೆಟ್ಟಗಿದ್ದವರು 36 ಮಾತ್ರ. ನೋವಿಲ್ಲದ 3,110 ಜನರ ಚಿತ್ರಗಳನ್ನು ಒಟ್ಟುಗೂಡಿಸಿದ 2015ರ ಪರಿಶೀಲನೆಯಲ್ಲಿ ಡಿಸ್ಕ್ ಸವೆತ 20ರ ಹರೆಯದಲ್ಲೇ ನೂರಕ್ಕೆ 37, 80ರ ಹೊತ್ತಿಗೆ 96. ಅಂದಮೇಲೆ 50 ದಾಟಿದ ಯಾರ ಚಿತ್ರ ತೆಗೆದರೂ ಏನಾದರೊಂದು ಸಿಕ್ಕೇ ಸಿಗುತ್ತದೆ. ಸಿಕ್ಕಿದ್ದೆಲ್ಲ ನೋವಿನ ಕಾರಣವಲ್ಲ. ಎಡಗಾಲು ಸೆಳೆಯುವವನ ಚಿತ್ರದಲ್ಲಿ ಬಲಗಡೆಯ ನರ ಒತ್ತಿದ್ದರೆ ಆ ಚಿತ್ರಕ್ಕೆ ಶಸ್ತ್ರಚಿಕಿತ್ಸೆ ಮಾಡಿ ಉಪಯೋಗವೇನು? ಕಾಲಿನ ಪರೀಕ್ಷೆ ಹೇಳಿದ ನರವೂ ಚಿತ್ರದಲ್ಲಿ ಒತ್ತಿಗೆ ಸಿಕ್ಕ ನರವೂ ಒಂದೇ ಆದಾಗ ಮಾತ್ರ ಆಪರೇಷನ್ನಿಗೆ ಗಟ್ಟಿ ಕಾರಣ ಸಿಕ್ಕಂತೆ.

ಆ ಗಟ್ಟಿ ಕಾರಣ ಇದ್ದಾಗ ಏನಾಗುತ್ತದೆ? ಸರಿದ ಡಿಸ್ಕೇ ಕಾಲಿನ ಸೆಳೆತಕ್ಕೆ ಕಾರಣ, ಅದನ್ನು ತೆಗೆದರೆ ಸೆಳೆತ ಹೋಗುತ್ತದೆ ಎಂದು ಬಾಸ್ಟನ್ನಿನ ಮಿಕ್ಸ್ಟರ್ ಮತ್ತು ಬಾರ್ 1934ರಲ್ಲಿ ತೋರಿಸಿದ ಮೇಲೆ ದಶಕಗಳ ಕಾಲ ಕಂಡ ಡಿಸ್ಕನ್ನೆಲ್ಲ ತೆಗೆಯುವ ಕಾಲ ನಡೆಯಿತು. ನಾರ್ವೆಯ ಹೆನ್ರಿಕ್ ವೆಬರ್ 126 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, ಒಂದು ಪಾಲಿಗೆ ಆಪರೇಷನ್, ಇನ್ನೊಂದಕ್ಕೆ ಬರೀ ಔಷಧೋಪಚಾರ ಕೊಟ್ಟು 10 ವರ್ಷ ಹಿಂಬಾಲಿಸಿದರು. ವರ್ಷದ ಕೊನೆಗೆ ಆಪರೇಷನ್ ಆದವರು ಸ್ಪಷ್ಟವಾಗಿ ಮುಂದಿದ್ದರು. ನಾಲ್ಕನೆಯ ವರ್ಷಕ್ಕೆ ಅಂತರ ಕರಗಿತು, ಹತ್ತನೆಯ ವರ್ಷಕ್ಕೆ ಉಳಿಯಲೇ ಇಲ್ಲ. ಇದು 1983ರ ವರದಿ. 2007ರಲ್ಲಿ ನೆದರ್ಲೆಂಡ್ಸಿನ ವಿಲ್ಕೊ ಪೌಲ್ ತಂಡ ಇನ್ನೂ ಹರಿತವಾದ ಪ್ರಶ್ನೆ ಕೇಳಿತು. 6ರಿಂದ 12 ವಾರ ಕಾಲಿನ ಸೆಳೆತ ಅನುಭವಿಸಿದ 283 ಜನರಲ್ಲಿ ಒಂದು ಪಾಲಿಗೆ ಬೇಗ ಆಪರೇಷನ್, ಇನ್ನೊಂದು ಪಾಲಿಗೆ ಕಾದು ನೋಡಿ, ಬೇಕಾದರೆ ಮಾತ್ರ ಆಪರೇಷನ್. ಕಾದವರಲ್ಲಿ ನೂರಕ್ಕೆ 39 ಜನ ಕೊನೆಗೆ ಆಪರೇಷನ್ ಮಾಡಿಸಿಕೊಂಡರು, ಉಳಿದ 61 ಜನರಿಗೆ ಅದು ಬೇಕಾಗಲೇ ಇಲ್ಲ. ವರ್ಷ ತುಂಬುವ ಹೊತ್ತಿಗೆ ಎರಡೂ ಪಾಲಿನಲ್ಲಿ ನೂರಕ್ಕೆ 95 ಜನ ಗುಣವಾಗಿದ್ದರು. ವ್ಯತ್ಯಾಸವಿದ್ದದ್ದು ವೇಗದಲ್ಲಿ: ಬೇಗ ಮಾಡಿಸಿಕೊಂಡವರಲ್ಲಿ ಅರ್ಧ ಜನ ನಾಲ್ಕು ವಾರದೊಳಗೆ ಚೇತರಿಸಿಕೊಂಡರು, ಕಾದವರಲ್ಲಿ ಅರ್ಧ ಜನರಿಗೆ 12 ವಾರ ಹಿಡಿಯಿತು. ಹೊರಬಿದ್ದ ಡಿಸ್ಕಿನ ತುಣುಕನ್ನು ದೇಹವೇ ನಿಧಾನವಾಗಿ ಕರಗಿಸಿಕೊಳ್ಳುವುದರಿಂದ ಕಾದವರೂ ಗುಣವಾಗುತ್ತಾರೆ. ಆಪರೇಷನ್ನು ಕೊಡುವುದು ಮುಖ್ಯವಾಗಿ ಸಮಯವನ್ನು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಏಳಲೇಬೇಕು. ಹಾಲೆಂಡಿನವನಿಗೆ ಕಾಯಿಲೆಯ ರಜೆಯಲ್ಲೂ ಸಂಬಳ ಬರುತ್ತದೆ, ಅವನು 12 ವಾರ ಕಾಯಬಲ್ಲ. ನವೆಂಬರಿನಲ್ಲಿ ಮುಂಗಡ ತೆಗೆದುಕೊಂಡು ಕಬ್ಬಿಗೆ ಬಂದವನಿಗೆ 12 ವಾರ ಎಂದರೆ ಹಂಗಾಮಿನ ಬಹುಭಾಗ. ಅವನಿಗೂ ಕಾಯಿ ಎನ್ನುವುದು ಹೊಟ್ಟೆ ತುಂಬಿದವರ ವಿಜ್ಞಾನವಲ್ಲವೇ? ಈ ಮಾತಿನಲ್ಲಿ ನಿಜವಿದೆ, ಅದನ್ನು ತಳ್ಳಿಹಾಕುವ ವೈದ್ಯನನ್ನು ನಾನು ಒಪ್ಪಲಾರೆ. ಡಚ್ ಅಧ್ಯಯನ ಯಾರಿಗೂ ಕಾಯಿರಿ ಎಂದು ಹೇಳುವುದಿಲ್ಲ, ಆಪರೇಷನ್ನಿನಿಂದ ಸಿಗುವುದೇನು ಎಂಬುದನ್ನಷ್ಟೇ ಹೇಳುತ್ತದೆ. ಸಿಗುವುದು ಎಂಟು ವಾರ. ಆ ಎಂಟು ವಾರದ ಬೆಲೆ ಬನಹಟ್ಟಿಯ ಮಗ್ಗದವನಿಗೆ ಹೆಚ್ಚಾಗಿದ್ದರೆ, ನರ ಮತ್ತು ಚಿತ್ರ ಹೊಂದಿಕೊಂಡಿದ್ದರೆ, ಆರು ವಾರ ಔಷಧ ನೋಡಿಯೂ ಕಾಲು ನೆಲಕ್ಕೆ ಊರಲಾಗದಿದ್ದರೆ ಬೇಗ ಮಾಡಿಸಿಕೊಳ್ಳುವುದು ಅವಿವೇಕವಲ್ಲ. ಹಾಗೆಂದು ಅದೇ ಹಂಗಾಮಿನಲ್ಲಿ ಮತ್ತೆ ಹೊರೆ ಹೊರಬಹುದು ಎಂದು ಅವನಿಗೆ ನಂಬಿಸಬಾರದು. ನೂರರಲ್ಲಿ 5ರಿಂದ 10 ಜನರಿಗೆ ಅದೇ ಜಾಗದಲ್ಲಿ ಡಿಸ್ಕ್ ಮತ್ತೆ ಸರಿಯುತ್ತದೆ. ಅಮೆರಿಕದ 13 ಆಸ್ಪತ್ರೆಗಳಲ್ಲಿ 501 ಜನರನ್ನು ಸೇರಿಸಿ ಮಾಡಿದ ದೊಡ್ಡ ಪರೀಕ್ಷೆಯ ಕಥೆಯೂ ಇಲ್ಲಿ ಉಪಯುಕ್ತ. 2006ರಲ್ಲಿ ಅದರ ಫಲಿತಾಂಶ ಬಂದಾಗ ಆಪರೇಷನ್ ಚೀಟಿ ಬಂದವರಲ್ಲಿ ಎರಡು ವರ್ಷದಲ್ಲಿ ನೂರಕ್ಕೆ 60 ಜನ ಮಾತ್ರ ಅದನ್ನು ಮಾಡಿಸಿಕೊಂಡಿದ್ದರು, ಬೇಡ ಎಂಬ ಚೀಟಿ ಬಂದವರಲ್ಲಿ 45 ಜನ ಮಾಡಿಸಿಕೊಂಡುಬಿಟ್ಟಿದ್ದರು. ಪರೀಕ್ಷೆಯ ಲೆಕ್ಕ ಇದರಿಂದ ಕೆಟ್ಟಿತೆಂದು ಪಂಡಿತರು ಬೇಸರಿಸಿದರು. ನನಗೆ ಅದರಲ್ಲಿ ಕಾಣುವುದು ಬೇರೆ. ನೋವು ಇಳಿಯುತ್ತಾ ಬಂದವರು ತಾವೇ ಹಿಂದೆ ಸರಿದರು, ತಾಳಲಾಗದವರು ತಾವೇ ಮುಂದೆ ಬಂದರು. ತುರ್ತಿಲ್ಲದ ಕಡೆ ತೀರ್ಮಾನ ರೋಗಿಯದೇ ಆಗಿರಬೇಕು.

ತುರ್ತು ಇರುವ ಕಡೆ ಮಾತ್ರ ಈ ತಾಳ್ಮೆಯ ಮಾತು ಒಂದೂ ನಡೆಯದು. ದೊಡ್ಡ ತುಣುಕು ನಡುಮಧ್ಯಕ್ಕೆ ಬಿದ್ದು ನರಗಳ ಇಡೀ ಕಟ್ಟನ್ನು ಒತ್ತಿದಾಗ ಮೂತ್ರ ಕಟ್ಟುತ್ತದೆ ಅಥವಾ ಗೊತ್ತಿಲ್ಲದೆ ಹೋಗುತ್ತದೆ, ಸೈಕಲ್ ಸೀಟಿಗೆ ತಾಗುವ ಜಾಗವೆಲ್ಲ ಮರಗಟ್ಟುತ್ತದೆ, ಎರಡೂ ಕಾಲು ಸೋಲುತ್ತವೆ. ಇದಕ್ಕೆ 48 ಗಂಟೆಯೊಳಗೆ ಒತ್ತು ಬಿಡಿಸಿದರೆ ಫಲ ಹೆಚ್ಚು ಎಂದು 2000ದ ಒಂದು ಸಮಗ್ರ ವಿಶ್ಲೇಷಣೆ ತೋರಿಸಿತು. 48 ಗಂಟೆ ಎಂಬುದು ಕಾಯಲು ಸಿಕ್ಕ ಗಡುವಲ್ಲ, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಬೀಳಗಿ ತಾಲೂಕಿನ ಅಣೆಕಟ್ಟಿನ ಹಿನ್ನೀರಿನ ಬದಿಯ ಪುನರ್ವಸತಿ ಊರೊಂದರಿಂದ ರಾತ್ರಿ ಹೊರಡುವ ಕುಟುಂಬ ಮೊದಲು ಮೂತ್ರ ಕಟ್ಟಿದ್ದಕ್ಕೆ ನಳಿಕೆ ಹಾಕಿಸಿ ಮನೆಗೆ ಮರಳುತ್ತದೆ, ಮರುದಿನ ಟೊಂಕ ತಿಕ್ಕಿಸಲು ನಾಟಿಯವರಲ್ಲಿಗೆ ಹೋಗುತ್ತದೆ, ಮೂರನೆಯ ದಿನ ಜಿಲ್ಲಾ ಕೇಂದ್ರ ಮುಟ್ಟುತ್ತದೆ ಎಂದಾದರೆ, ಆಮೇಲೆ ಎಷ್ಟು ನಾಜೂಕಾದ ಉಪಕರಣ ತಂದರೂ ಕಳೆದದ್ದು ಪೂರ್ತಿ ಬರುವುದು ಕಷ್ಟ. ನಳಿಕೆ ಹಾಕುವ ಕೈ ಒಂದು ಮಾತು ಕೇಳಿದರೆ ಸಾಕು: ಕಾಲು ಜೋಮಾಗಿದೆಯೇ, ಕೂರುವ ಜಾಗ ಮರಗಟ್ಟಿದೆಯೇ? ದಿನದಿಂದ ದಿನಕ್ಕೆ ಪಾದ ಜೋತುಬೀಳುತ್ತಿದ್ದರೂ ಕಾಯಬಾರದು. ಚಪ್ಪಲಿ ತನ್ನಷ್ಟಕ್ಕೆ ಕಾಲಿನಿಂದ ಜಾರಿಹೋಗುತ್ತಿದೆ ಎಂದು ರೋಗಿಯೇ ಹೇಳುತ್ತಾನೆ, ಕೇಳಿಸಿಕೊಳ್ಳಬೇಕಷ್ಟೆ.

ಈಗ ಉಪಕರಣದ ಮಾತಿಗೆ ಬರೋಣ. ಸೂಕ್ಷ್ಮದರ್ಶಕ ಹಿಡಿದು ಸಣ್ಣ ಗಾಯದಲ್ಲಿ ಡಿಸ್ಕ್ ತೆಗೆಯುವುದನ್ನು ಶಸ್ತ್ರವೈದ್ಯರಾದ ಯಾಸರ್ಗಿಲ್ ಮತ್ತು ಕಾಸ್ಪರ್ 1977ರಲ್ಲಿ ಬೇರೆ ಬೇರೆಯಾಗಿ ಪ್ರಕಟಿಸಿದರು. ಸ್ನಾಯುವನ್ನು ಕತ್ತರಿಸದೆ ಬಿಡಿಸಿ ಕೊಳವೆ ಇಳಿಸುವ ವಿಧಾನವನ್ನು ಫೋಲಿ ಮತ್ತು ಸ್ಮಿತ್ 1997ರಲ್ಲಿ ತಂದರು. ಪಕ್ಕದಿಂದ ಬೆರಳುಗಾತ್ರದ ತೂತಿನಲ್ಲಿ ದುರ್ಬೀನು ಇಳಿಸುವ ವಿಧಾನವೂ ಬಂತು, ಅರಿವಳಿಕೆಯೂ ಸ್ಥಳೀಯವಾಗಿ ಕೊಟ್ಟರೆ ಸಾಕು. ಗಾಯ ಸಣ್ಣದಾದಂತೆ ಫಲ ದೊಡ್ಡದಾಗಬೇಕಲ್ಲವೇ? ಹಾಗೇನೂ ಆಗಿಲ್ಲ. 328 ಜನರ ಮೇಲೆ ಕೊಳವೆ ವಿಧಾನವನ್ನೂ ಸಾಮಾನ್ಯ ಸೂಕ್ಷ್ಮ ವಿಧಾನವನ್ನೂ ಹೋಲಿಸಿದ 2009ರ ಡಚ್ ಪರೀಕ್ಷೆಯಲ್ಲಿ ಕೊಳವೆಯವರೇ ವರ್ಷದ ಕೊನೆಗೆ ತುಸು ಹಿಂದಿದ್ದರು. ದುರ್ಬೀನು ವಿಧಾನವನ್ನು 613 ಜನರಲ್ಲಿ ಪರೀಕ್ಷಿಸಿದ 2022ರ ಇನ್ನೊಂದು ಡಚ್ ವರದಿ, ಅದು ತೆರೆದ ಸೂಕ್ಷ್ಮ ವಿಧಾನಕ್ಕಿಂತ ಕಡಿಮೆಯಲ್ಲ, ಕೆಲವು ಅಂಶಗಳಲ್ಲಿ ತುಸು ಮೇಲು ಎಂದಿತು. ಹಾಗಾದರೆ ದುರ್ಬೀನು ಸಿಕ್ಕರೆ ಒಳ್ಳೆಯದೇ, ಸಿಗದಿದ್ದರೆ ಮರುಗಬೇಕಾದ್ದಿಲ್ಲ. ಬಾಗಲಕೋಟೆಯ ಹಾನಗಲ್ ಶ್ರೀ ಕುಮಾರೇಶ್ವರ ಆಸ್ಪತ್ರೆಯಲ್ಲೋ, ಹುಬ್ಬಳ್ಳಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲೋ, ಬೆಳಗಾವಿಯ ಕೆಎಲ್‌ಇಯಲ್ಲೋ ಅನುಭವಿ ಕೈ ಮಾಡಿದ ಸಾಮಾನ್ಯ ಡಿಸ್ಕ್ ಆಪರೇಷನ್ನಿಗೂ, ಸಾಲ ಮಾಡಿ ಪುಣೆ-ಬೆಂಗಳೂರಿಗೆ ಹೋಗಿ ಮಾಡಿಸಿದ್ದಕ್ಕೂ ವರ್ಷದ ಮೇಲೆ ದೊಡ್ಡ ಅಂತರ ಉಳಿಯಲಾರದು. ಸಾಲ ಮಾತ್ರ ಉಳಿಯುತ್ತದೆ. ಇನ್ನು 'ಲೇಸರ್' ಎಂದು ಗೋಡೆಗೋಡೆಗೆ ಬರೆಸಿದ್ದನ್ನು ಕಂಡು ಓಡುವವರಿಗೆ ಹೆಚ್ಚು ಹೇಳಲಾರೆ, ಮೇಲಿನ ಪರೀಕ್ಷೆಗಳು ಯಾವುವೂ ಅದರ ಬೆನ್ನಿಗಿಲ್ಲ.

ವಯಸ್ಸಾದವರ ಕಥೆ ಬೇರೆ. 65 ದಾಟಿದ ರೈತನೊಬ್ಬ ಸಂತೆಯವರೆಗೆ ನಡೆಯಲಾರ, ಹತ್ತು ಮಾರು ಹೋಗುವುದರೊಳಗೆ ಎರಡೂ ಕಾಲು ಭಾರವಾಗಿ ಕಟ್ಟೆಯ ಮೇಲೆ ಕೂರುತ್ತಾನೆ, ಕೂತರೆ ಆರಾಮ. ಅದೇ ಮನುಷ್ಯ ಸೈಕಲ್ ಹತ್ತಿದರೆ ಮೈಲು ದಾಟುತ್ತಾನೆ. ಮುಂದೆ ಬಾಗಿದಾಗ ನರಗಳ ಕೊಳವೆ ತುಸು ಅಗಲವಾಗುತ್ತದೆ, ನೆಟ್ಟಗೆ ನಿಂತಾಗ ಕಿರಿದಾಗುತ್ತದೆ. ವಯಸ್ಸಿನಿಂದ ದಪ್ಪಗಟ್ಟಿದ ಎಲುಬು ಮತ್ತು ಪೊರೆ ಆ ಕೊಳವೆಯನ್ನು ಇಕ್ಕಟ್ಟು ಮಾಡಿರುತ್ತವೆ. ಇಲ್ಲಿ ಮೊದಲ ಕೆಲಸ ಹಿಂದಿನ ಎಲುಬಿನ ಭಾಗವನ್ನು ಬೇಕಾದಷ್ಟೇ ಕೆತ್ತಿ ನರಗಳಿಗೆ ಜಾಗ ಮಾಡುವುದು. ಜೊತೆಗೆ ಒಂದು ಮಣಿ ಇನ್ನೊಂದರ ಮೇಲೆ ತುಸು ಮುಂದೆ ಜಾರಿದ್ದರೆ ಸ್ಕ್ರೂ-ಸಲಾಕೆ ಹಾಕಿ ಎರಡನ್ನೂ ಒಂದಾಗಿ ಬೆಸೆಯಬೇಕೇ ಎಂಬುದು ಈ ಕ್ಷೇತ್ರದ ಅತ್ಯಂತ ಬಿಸಿಯಾದ ವಾದ. 2016ರಲ್ಲಿ ಒಂದೇ ದಿನ ಒಂದೇ ಪತ್ರಿಕೆಯಲ್ಲಿ ಎರಡು ಉತ್ತರ ಬಂದವು. ಸ್ವೀಡನ್ನಿನ 247 ಜನರಲ್ಲಿ ಬೆಸುಗೆ ಸೇರಿಸಿದ್ದರಿಂದ ಎರಡು ವರ್ಷದ ಮೇಲೆ ಲಾಭವೇನೂ ಕಾಣಲಿಲ್ಲ. ಅಮೆರಿಕದ 66 ಜನರಲ್ಲಿ ಬೆಸುಗೆಯವರು ಒಂದು ಅಳತೆಯಲ್ಲಿ ತುಸು ಮುಂದಿದ್ದರು, ಮರು-ಆಪರೇಷನ್ನೂ ಅವರಲ್ಲಿ ಕಡಿಮೆ. 2021ರಲ್ಲಿ ನಾರ್ವೆಯ 267 ಜನರ ಪರೀಕ್ಷೆ ತಕ್ಕಡಿಯನ್ನು ಒಂದು ಕಡೆಗೆ ವಾಲಿಸಿತು: ಒತ್ತು ಮಾತ್ರ ಬಿಡಿಸಿದವರಲ್ಲಿ ನೂರಕ್ಕೆ 71, ಬೆಸುಗೆಯನ್ನೂ ಮಾಡಿದವರಲ್ಲಿ 73 ಜನ ಚೆನ್ನಾಗಿ ಸುಧಾರಿಸಿದರು. ಆ ಎರಡರ ಅಂತರಕ್ಕಾಗಿ ಹೆಚ್ಚು ರಕ್ತ, ಹೆಚ್ಚು ಹೊತ್ತು, ಲೋಹದ ಬೆಲೆ ಇವೆಲ್ಲ ತೆರಬೇಕೇ? ಮಣಿ ಬಗ್ಗಿದಾಗೊಮ್ಮೆ ಎದ್ದಾಗೊಮ್ಮೆ ಜಾರುತ್ತಿದ್ದರೆ, ನರ ಬಿಡಿಸಲು ಇಡೀ ಕೀಲನ್ನೇ ತೆಗೆಯಬೇಕಾದರೆ, ಬೆನ್ನು ಡೊಂಕಾಗಿದ್ದರೆ, ಎಲುಬು ಮುರಿದಿದ್ದರೆ ಬೆಸುಗೆ ಬೇಕೇ ಬೇಕು. ಹಿಂದಿನಿಂದಲೋ ಪಕ್ಕದಿಂದಲೋ ಹೊಟ್ಟೆಯ ಕಡೆಯಿಂದಲೋ ಎಂಬ ದಾರಿಯ ಆಯ್ಕೆ ಆಗ ಶಸ್ತ್ರವೈದ್ಯನ ಕಸುಬಿಗೆ ಬಿಟ್ಟದ್ದು. ಇವಾವುವೂ ಇಲ್ಲದ ಕಡೆ ಬೆಸುಗೆಗೆ ಕಾರಣ ಕೇಳುವ ಹಕ್ಕು ರೋಗಿಗಿದೆ.

ಇದಕ್ಕೆ ಈ ಭಾಗದಲ್ಲಿ ಬರುವ ಮರುಮಾತು ಮೇಲ್ನೋಟಕ್ಕೆ ಸರಿಯೆನಿಸುತ್ತದೆ. 'ನಮ್ಮದು ಭಾರದ ಕೆಲಸ, ಸ್ಕ್ರೂ ಇದ್ದರ ಗಟ್ಟಿ ಇರತೈತಿ.' ಲೋಹ ಗಟ್ಟಿ ಹೌದು. ಆದರೆ ಬೆಸೆದ ಜಾಗ ಅಲುಗಾಡದಾದಾಗ ಬಗ್ಗುವ ಕೆಲಸವೆಲ್ಲ ಮೇಲಿನ ಕೆಳಗಿನ ಸಂದುಗಳ ಪಾಲಾಗುತ್ತದೆ, ವರ್ಷಗಳ ಮೇಲೆ ಅವು ಸವೆದು ಮತ್ತೊಂದು ಆಪರೇಷನ್ ಕೇಳುವುದೂ ಉಂಟು. ಕಾಲಿಗೆ ಹರಿಯದ, ನಡುವಿನಲ್ಲೇ ಕೂತ ನೋವಿಗೆ ಬೆಸುಗೆ ಮಾಡಿದರೆ ಏನಾಗುತ್ತದೆ ಎಂಬುದನ್ನೂ ಪರೀಕ್ಷಿಸಿದ್ದಾರೆ. ಸ್ವೀಡನ್ನಿನ 294 ಜನರ 2001ರ ಅಧ್ಯಯನದಲ್ಲಿ ಬೆಸುಗೆಯವರು ಮುಂದಿದ್ದರು, ಅದನ್ನು ಮುಚ್ಚಿಡಬಾರದು. ಆದರೆ ಅಲ್ಲಿ ಹೋಲಿಸಿದ್ದು ರೋಗಿಗಳು ಮೊದಲೇ ಮಾಡಿ ಸೋತಿದ್ದ ಬಗೆಯ ಸಾಮಾನ್ಯ ಫಿಸಿಯೊಥೆರಪಿಯೊಂದಿಗೆ. ದಿನಕ್ಕೆ ಹಲವು ತಾಸು ವ್ಯಾಯಾಮ, ನೋವಿನ ಭಯ ಬಿಡಿಸುವ ತರಬೇತಿ ಎರಡನ್ನೂ ಸರಿಯಾಗಿ ಕೊಟ್ಟು ಹೋಲಿಸಿದಾಗ, 2003ರ ನಾರ್ವೆಯ ಅಧ್ಯಯನದಲ್ಲಿ ಅಂತರ ಕಾಣಲಿಲ್ಲ, ಬ್ರಿಟನ್ನಿನ 349 ಜನರ 2005ರ ಅಧ್ಯಯನದಲ್ಲಿ ಕಂಡದ್ದು ತೀರಾ ಸಣ್ಣದು. ನೇಕಾರನಿಗೂ ಹಮಾಲನಿಗೂ ಇದರಿಂದ ಸಿಗುವ ತಿಳಿವಳಿಕೆ ಒಂದೇ: ಕಾಲಿನ ಸೆಳೆತಕ್ಕೆ ಚಾಕು ಉಪಯೋಗ, ಬರೀ ಟೊಂಕದ ನೋವಿಗೆ ಅದರ ಉಪಯೋಗ ಅನುಮಾನ.

ಚಾಕುವೇ ಬೇಡದ, ಆದರೆ ತಪ್ಪಿ ಚಾಕುವಿಗೆ ಹೋಗುವ ಇನ್ನೊಂದು ಗುಂಪು ನಮ್ಮ ಸೀಮೆಯಲ್ಲಿದೆ. ಬೆನ್ನುಮೂಳೆಯ ಕ್ಷಯ ಮೊದಲನೆಯದು. ಸಂಜೆ ಜ್ವರ, ತೂಕ ಇಳಿಕೆ, ಮಲಗಿದರೂ ಬಿಡದ ನೋವು ಅದರ ಗುರುತು. 1956ರಲ್ಲಿ ಹಾಂಗ್‌ಕಾಂಗಿನ ಹಾಡ್ಜ್‌ಸನ್ ಮತ್ತು ಸ್ಟಾಕ್ ಮುಂದಿನಿಂದ ಬಿಚ್ಚಿ ಕೆಟ್ಟ ಎಲುಬನ್ನೆಲ್ಲ ತೆಗೆಯುವ ದೊಡ್ಡ ಆಪರೇಷನ್ ಪ್ರಕಟಿಸಿದಾಗ ಜಗತ್ತು ಅದರ ಹಿಂದೆ ಹೊರಟಿತ್ತು. ವಾರಾಣಸಿಯ ಎಸ್.ಎಂ. ತುಲಿ 1975ರಲ್ಲಿ ಮಂಡಿಸಿದ ನಡುದಾರಿ ಭಾರತದ್ದು: ಎಲ್ಲರಿಗೂ ಮೊದಲು ಕ್ಷಯದ ಮಾತ್ರೆ, ನರ ಸೋಲುತ್ತಿದ್ದರೆ, ಮಾತ್ರೆಗೆ ಬಗ್ಗದಿದ್ದರೆ ಮಾತ್ರ ಆಪರೇಷನ್. ಎರಡನೆಯದು ಕುರಿ-ಆಡು-ದನ ಕಟ್ಟಿಕೊಂಡವರಿಗೆ ಅಂಟುವ ಬ್ರುಸೆಲ್ಲಾ. ವಿಜಯಪುರದ ಬಿ.ಜಿ. ಮಂಟೂರ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ವರದಿ 16 ವರ್ಷಗಳಲ್ಲಿ ಕಂಡ 495 ವಯಸ್ಕ ಬ್ರುಸೆಲ್ಲಾ ರೋಗಿಗಳದ್ದು, ನಮ್ಮ ಪಕ್ಕದ ಜಿಲ್ಲೆಯದ್ದು, 1997ರವರೆಗೆ ನಮ್ಮದೇ ಆಗಿದ್ದ ಜಿಲ್ಲೆಯದ್ದು. ಈ ರೋಗ ಕೀಲಿಗೂ ಬೆನ್ನಿನ ಮಣಿಗೂ ಹತ್ತುತ್ತದೆ. ಹಸಿ ಹಾಲು ಕುಡಿದಿರಾ, ಕಂದು ಹಾಕಿದ ಕುರಿಯನ್ನು ಬರಿಗೈಲಿ ಮುಟ್ಟಿದಿರಾ ಎಂದು ಕೇಳದೆ ಚಿತ್ರದಲ್ಲಿ ಡಿಸ್ಕ್ ಕೆಟ್ಟಿರುವುದನ್ನಷ್ಟೇ ಕಂಡು ಸ್ಕ್ರೂ ಹಾಕಿದರೆ, ಮೂರು ತಿಂಗಳ ಮಾತ್ರೆ-ಇಂಜೆಕ್ಷನ್ನಿನಲ್ಲಿ ಬಹುಮಟ್ಟಿಗೆ ಗುಣವಾಗಬಹುದಾಗಿದ್ದ ಕುರುಬನ ಬೆನ್ನಿಗೆ ಲೋಹ ಸೇರಿರುತ್ತದೆ. ಇದಕ್ಕೆ ಬೇಕಾದ ರಕ್ತಪರೀಕ್ಷೆ ಎಂಆರ್‌ಐಗಿಂತ ಎಷ್ಟೋ ಅಗ್ಗ.

ಹೆಣ್ಣುಮಕ್ಕಳ ಟೊಂಕನೋವು ಇನ್ನೂ ಬೇರೆ ದಾರಿ ಹಿಡಿದು ತಪ್ಪುತ್ತದೆ. ನಡುನೋವು, ಬಿಳಿಸೆರಗು ಎಂದು ಹೋದವರ ಗರ್ಭಕೋಶವನ್ನೇ ತೆಗೆಸುವ ಚಾಳಿ ಹಬ್ಬಿದ್ದು ಬೀಡ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರ ಸುದ್ದಿಯಿಂದ ಬಯಲಾಗಿ, 2019ರಲ್ಲಿ ಮಹಾರಾಷ್ಟ್ರ ಸರ್ಕಾರ ತನಿಖಾ ಸಮಿತಿ ಕೂರಿಸಬೇಕಾಯಿತು. ಆ ಜಿಲ್ಲೆಯ ಗ್ಯಾಂಗುಗಳು ಕರ್ನಾಟಕದ ಕಬ್ಬಿನ ಹೊಲಗಳಿಗೂ ಬರುತ್ತವೆ. ಕಾರಣ ಹುಡುಕದೆ ಆಪರೇಷನ್ ಹುಡುಕುವ ಅಭ್ಯಾಸದ ತುತ್ತತುದಿ ಅದು, ಅಲ್ಲಿ ತಪ್ಪಿದ್ದು ವಿಧಾನವಲ್ಲ, ಅಂಗವೇ ತಪ್ಪಿತ್ತು.

ಹಣದ ಆಕ್ಷೇಪವನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಡತನ ರೇಖೆಯ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ, ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಯೋಜನೆಯೂ ಇದೆ. ಆಪರೇಷನ್ ಕಾರ್ಡಿನಲ್ಲಿ ಆಗುತ್ತದೆ, ಕಾಯುವುದಕ್ಕೆ ಯಾರು ದುಡ್ಡು ಕೊಡುತ್ತಾರೆ ಎಂಬ ಪ್ರಶ್ನೆ ಇಲ್ಲಿ ಹುಟ್ಟುತ್ತದೆ. ಈ ಯೋಜನೆಗಳಿಂದ ಈ ಸೀಮೆಯ ಬಡವನಿಗೆ ದೊಡ್ಡ ಆಸ್ಪತ್ರೆಯ ಬಾಗಿಲು ತೆರೆದದ್ದು ನಿಜ. ಆದರೆ ನಿಂತ ಮಗ್ಗದ ಕೂಲಿಯನ್ನೂ, ಆರು ವಾರದ ವ್ಯಾಯಾಮಕ್ಕೆ ಓಡಾಡುವ ಬಸ್ ಚಾರ್ಜನ್ನೂ ಅವು ತುಂಬುವುದಿಲ್ಲ. ಹೀಗಾದಾಗ, ಕಾಯ್ದರೆ ಗುಣವಾಗುವ ನರವೂ ಚಾಕುವಿನ ಕಡೆಗೇ ತಳ್ಳಲ್ಪಡುತ್ತದೆ, ಇದರಲ್ಲಿ ರೋಗಿಯ ತಪ್ಪಾಗಲಿ ವೈದ್ಯನ ದುರಾಸೆಯಾಗಲಿ ಇರಲೇಬೇಕೆಂದಿಲ್ಲ. ಇದಕ್ಕೆ ಉತ್ತರ ಆಪರೇಷನ್ನಿಗೆ ಕಾಸು ಕಡಿತ ಮಾಡುವುದಲ್ಲ. ಜಮಖಂಡಿ, ಮುಧೋಳ, ಬೀಳಗಿಯ ತಾಲೂಕು ಆಸ್ಪತ್ರೆಗಳಲ್ಲಿ ವಾರಕ್ಕೆರಡು ದಿನವಾದರೂ ಟೊಂಕದ ರೋಗಿಯನ್ನು ಮಂಚದ ಮೇಲೆ ಮಲಗಿಸಿ ನೋಡುವ ಎಲುಬು ವೈದ್ಯ ಮತ್ತು ಅವನ ಪಕ್ಕದಲ್ಲಿ ಒಬ್ಬ ಫಿಸಿಯೊಥೆರಪಿಸ್ಟ್ ಇರಬೇಕು. ಸಕ್ಕರೆ ಕಾರ್ಖಾನೆಗಳು ಹಂಗಾಮಿನಲ್ಲಿ ಗ್ಯಾಂಗಿನ ಬಿಡಾರಕ್ಕೆ ವೈದ್ಯನನ್ನು ಕಳಿಸಿದಾಗ ಜ್ವರದ ಗುಳಿಗೆಯ ಜೊತೆ ಕಾಲೆತ್ತಿ ನೋಡುವ ಕೆಲಸವನ್ನೂ ಅವನಿಗೆ ಹೇಳಬೇಕು. ನೇಕಾರ ಸಹಕಾರ ಸಂಘಗಳು ಸದಸ್ಯರಿಗೆ ಬಿಡುವಿನ ದಿನಗಳ ಭತ್ಯೆ ಕೊಡಲು ಒಂದು ಸಣ್ಣ ನಿಧಿ ಇಟ್ಟರೆ, 12 ವಾರ ಕಾಯುವುದು ಬನಹಟ್ಟಿಯ ನೇಕಾರನಿಗೂ ಸಾಧ್ಯವಾಗುವ ಆಯ್ಕೆಯಾದೀತು. ಕುಣಿಮಗ್ಗದ ಕೂರುಹಲಗೆಯನ್ನು ಎರಡು ಬೆರಳು ಎತ್ತರಿಸುವುದು, ಬೀಮು ಎತ್ತಲು ಇಬ್ಬರು ಕೈಹಾಕುವುದು, ಕಬ್ಬಿನ ಹೊರೆಯ ತೂಕಕ್ಕೆ ಮಿತಿ ಹಾಕುವುದು ಇವೆಲ್ಲ ಆಪರೇಷನ್ ಆದವನಿಗೂ ಆಗದವನಿಗೂ ಸಮನಾಗಿ ಬೇಕು, ಅದನ್ನು ಮಾಡಿಸಬಲ್ಲವರು ಈ ಸಭೆಯಲ್ಲೇ ಕೂತಿದ್ದಾರೆ.